ನೆಲೆ ತಪ್ಪಿದ ಚಿಂತಕರ ಸ್ಮಾರಕಗಳು: ಪೋರ್ಟ್‌ಬೋ ಮತ್ತು ಉಳವಿ

ಸ್ಪೇನ್ ದೇಶದ ಈಶಾನ್ಯ ತುದಿಯಲ್ಲಿ, ಫ್ರಾನ್ಸಿನ ಗಡಿಗೆ ತಾಗಿಕೊಂಡು, ಮೆಡಿಟರೇನಿಯನ್ ಸಮುದ್ರದ ದಂಡೆಯ ಮೇಲೆ ಪೋರ್ಟ್‌ಬೋ ಎಂಬ ಚಿಕ್ಕ ಊರಿದೆ. ಊರ ಸ್ಮಶಾನದ ಪಕ್ಕದಲ್ಲಿ ತುಕ್ಕು ಬಣ್ಣದ ಉಕ್ಕಿನ ಹಲಗೆಗಳ ಇಕ್ಕಟ್ಟಾದ ಓಣಿಯೊಂದು ಮೆಟ್ಟಿಲು ಮೆಟ್ಟಿಲಾಗಿ ಕಡಲಿನತ್ತ ಇಳಿಯುತ್ತದೆ. ಇಳಿದವರು ಕಡಲನ್ನು ಮುಟ್ಟಲಾರರು. ಗಾಜಿನ ಫಲಕವೊಂದು ಅಡ್ಡ ನಿಂತಿದೆ. ಅದರಾಚೆ ನೀರು ಸುಳಿಯುವುದು ಮಾತ್ರ ಕಾಣುತ್ತದೆ. ಇಸ್ರೇಲಿನ ಶಿಲ್ಪಿ ದಾನಿ ಕರವಾನ್ ರೂಪಿಸಿದ ಈ ಸ್ಮಾರಕ 1994ರಲ್ಲಿ ಉದ್ಘಾಟನೆಗೊಂಡಿತು. ಅದು ವಾಲ್ಟರ್ ಬೆಂಜಮಿನ್ ಅವರ ನೆನಪಿಗಾಗಿ ನಿಂತಿದೆ.

ಬೆಂಜಮಿನ್ 1892ರಲ್ಲಿ ಬರ್ಲಿನ್ ನಗರದ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ಭಾಷಾಂತರ, ಕಲೆ, ಇತಿಹಾಸಗಳನ್ನು ಕುರಿತು ಅವರು ಬರೆದ ಪ್ರಬಂಧಗಳು ಇಂದಿಗೂ ವಿಶ್ವವಿದ್ಯಾಲಯಗಳಲ್ಲಿ ಪಾಠವಾಗುತ್ತಿವೆ. ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿಯೇ ಅವರು ಜರ್ಮನಿಯನ್ನು ತೊರೆದು ಪ್ಯಾರಿಸಿನಲ್ಲಿ ನೆಲೆಸಿದರು. 1940ರಲ್ಲಿ ನಾಜಿ ಸೈನ್ಯ ಅಲ್ಲಿಗೂ ಬಂದಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಹೃದ್ರೋಗಿಯಾಗಿದ್ದ ಅವರು ಲೀಸಾ ಫಿಟ್ಕೊ ಎಂಬ ಮಹಿಳೆಯ ಮಾರ್ಗದರ್ಶನದಲ್ಲಿ ಪಿರನೀಸ್ ಪರ್ವತವನ್ನು ಕಾಲ್ನಡಿಗೆಯಿಂದ ದಾಟಿ ಪೋರ್ಟ್‌ಬೋ ತಲಪಿದರು. ಫ್ರಾನ್ಸಿನಿಂದ ಹೊರಡಲು ಬೇಕಾದ ಪರವಾನಗಿ ಇಲ್ಲವೆಂದು ಅಲ್ಲಿಯ ಪೊಲೀಸರು ಅವರನ್ನು ಮರಳಿ ಕಳುಹಿಸಲು ಮುಂದಾದರು. ಬೆಂಜಮಿನ್ ಆ ಊರಿನ ವಸತಿಗೃಹದಲ್ಲಿಯೇ ತೀರಿಕೊಂಡರು. ಅವರು ತಮ್ಮ ಕೈಯಿಂದಲೇ ಜೀವ ಕಳೆದುಕೊಂಡರೆಂಬುದು ಬಹುಮಂದಿ ಒಪ್ಪಿರುವ ಸಂಗತಿ. ಕೆಳಗಿನ ತರಗತಿಗಳಲ್ಲಿ ಗಡಿಯಲ್ಲಿ ತಡೆಹಿಡಿಯಲ್ಪಟ್ಟು ತೀರಿಕೊಂಡರೆಂದಷ್ಟೇ ಹೇಳುವುದು ಯುಕ್ತ. ಅವರ ಸಂಗಡಿಗರಿಗೆ ಮುಂದೆ ಹೋಗಲು ಅನುಮತಿ ದೊರೆಯಿತು.

ಊರಿನವರು ಹೆಸರನ್ನು 'ಬೆಂಜಮಿನ್ ವಾಲ್ಟರ್' ಎಂದು ತಿರುಗುಮುರುಗಾಗಿ ದಾಖಲಿಸಿ ಅವರನ್ನು ಕ್ಯಾಥೊಲಿಕ್ ಸ್ಮಶಾನದಲ್ಲಿ ಹೂಳಿದರು. ಮನೆತನದ ಹೆಸರು ಮುಂದಾಗಿ ಮಗುವಿನ ಹೆಸರು ಹಿಂದಾಗುವ ಹಾಜರಿ ಪುಸ್ತಕಗಳನ್ನು ದಿನವೂ ತೆರೆಯುವ ಜಹೀರಾಬಾದ್, ತಾಂಡೂರಿನ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬೆಂಜಮಿನ್ ಬೆಟ್ಟವೇರುವಾಗ ಭಾರವಾದ ಕಪ್ಪು ಕೈಚೀಲವೊಂದನ್ನು ಹೊತ್ತಿದ್ದರು. ಅದರಲ್ಲಿದ್ದ ಹಸ್ತಪ್ರತಿ ತಮ್ಮ ಪ್ರಾಣಕ್ಕಿಂತ ಮುಖ್ಯವೆಂದು ಅವರು ಹೇಳಿದರೆಂದು ಫಿಟ್ಕೊ ಬರೆದಿದ್ದಾರೆ. ಆ ಹಸ್ತಪ್ರತಿ ಮುಂದೆ ಸಿಗಲೇ ಇಲ್ಲ. ಆದರೆ ಪ್ಯಾರಿಸಿನಲ್ಲಿ ಗೆಳೆಯ ಜಾರ್ಜ್ ಬತಾಯ್ ಅವರಿಗೆ ಒಪ್ಪಿಸಿ ಬಂದ ಕಾಗದಗಳು ಗ್ರಂಥಾಲಯದಲ್ಲಿ ಅಡಗಿ ಉಳಿದವು. ಇತಿಹಾಸ ಕುರಿತ ಕೊನೆಯ ಪ್ರಬಂಧದ ಪ್ರತಿಯೊಂದನ್ನು ಹನ್ನಾ ಅರೆಂಟ್ ಅಮೆರಿಕಕ್ಕೆ ಒಯ್ದರು. ತಾವೇ ಹೊತ್ತದ್ದು ಹೋಯಿತು, ಪರರ ಕೈಗಿತ್ತದ್ದು ಉಳಿಯಿತು. ಪಾಠದ ತಿರುಳು ಇದೇ ಆಗಿರಲಿ. ಏಕೆಂದರೆ ಈ ಭಾಗದ ಮಕ್ಕಳಿಗೆ ಇಂಥದೇ ಇನ್ನೊಂದು ಕಥೆ ಹತ್ತಿರದ್ದಾಗಿದೆ.

ಜಹೀರಾಬಾದಿನ ಮೂಲಕ ಹಾಯುವ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಹುಮನಾಬಾದಿನ ಆಚೆ ಬಸವಕಲ್ಯಾಣ ಸಿಗುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಜಹೀರಾಬಾದ್, ನಾರಾಯಣಖೇಡ ತಾಲ್ಲೂಕುಗಳು ಬೀದರ ಜಿಲ್ಲೆಗೂ ತಾಂಡೂರು ಕಲಬುರಗಿ ಜಿಲ್ಲೆಗೂ ಸೇರಿದ್ದವು. ಕಲ್ಯಾಣದಲ್ಲಿ 1167ರ ಸುಮಾರಿಗೆ, ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ನಡೆದ ಮದುವೆಯ ಕಾರಣದಿಂದ ಶರಣರು ಹಿಂಸೆಗೊಳಗಾದರೆಂದೂ, ಬಸವಣ್ಣನವರ ಸೋದರಳಿಯ ಚೆನ್ನಬಸವಣ್ಣನವರು ತಾಯಿ ಅಕ್ಕನಾಗಮ್ಮ ಹಾಗೂ ಸಂಗಡಿಗರೊಡನೆ ವಚನಗಳ ಕಟ್ಟುಗಳನ್ನು ಹೊತ್ತು ಪಶ್ಚಿಮಕ್ಕೆ ನಡೆದರೆಂದೂ ಪರಂಪರೆ ಹೇಳುತ್ತದೆ. ಷಟ್‌ಸ್ಥಲ ತತ್ತ್ವಕ್ಕೆ ಕ್ರಮಬದ್ಧ ರೂಪವಿತ್ತವರೆಂದು ಪ್ರಸಿದ್ಧರಾದ ಚೆನ್ನಬಸವಣ್ಣನವರ ಸಮಾಧಿ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನ ಉಳವಿಯಲ್ಲಿದೆ. ಅದು ಕಡಲ ದಂಡೆಯಲ್ಲ, ಕರಾವಳಿಯ ಬೆನ್ನಿಗಿರುವ ಸಹ್ಯಾದ್ರಿಯ ದಟ್ಟ ಕಾಡು. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು ಅಲ್ಲಿಗೆ ಬರುತ್ತಾರೆ.

ಇಲ್ಲಿ ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಪೋರ್ಟ್‌ಬೋದ ಘಟನೆಗೆ ಮರಣ ದಾಖಲೆಯೂ ಕಂಡವರ ಬರಹವೂ ಇವೆ. ಕಲ್ಯಾಣದ ಚದುರಿಕೆಯ ವಿವರಗಳು ಬಹುಮಟ್ಟಿಗೆ ನಂತರದ ಕಾವ್ಯ ಪುರಾಣಗಳಿಂದ ಬಂದವು. ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ 16ನೆಯ ಶತಮಾನದ್ದು. ಬಸವಣ್ಣನವರನ್ನು ಹೆಸರಿಸುವ ಅರ್ಜುನವಾಡದ ಶಾಸನವೂ 1260ರದು. 'ಹೀಗೆ ನಡೆಯಿತು', 'ಹೀಗೆಂದು ಹೇಳುತ್ತಾರೆ' ಎಂಬ ಎರಡು ಕ್ರಿಯಾಪದಗಳ ಅಂತರವನ್ನು ಮಕ್ಕಳು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗದು. ಇದರಿಂದ ಶರಣರ ಗೌರವಕ್ಕೆ ಕುಂದು ಬರುವುದೆಂದು ಅಂಜಬೇಕಾಗಿಲ್ಲ. ಇಂದು ದೊರೆಯುವ ವಚನ ಸಂಕಲನಗಳು ಬಹುಪಾಲು 15ನೆಯ ಶತಮಾನದಿಂದ ಈಚಿನವು. ಹಾಗಾದರೆ ನಡುವಿನ ಸುಮಾರು ಮುನ್ನೂರು ವರ್ಷ ಅವನ್ನು ಯಾರು ಕಾಯ್ದರು? ಹೆಸರು ಹೇಳದ ಪ್ರತಿಕಾರರು, ಹಾಡಿಕೊಂಡ ಮನೆಯವರು, ಮಠಗಳು. ಆ ಓಲೆಗರಿಗಳನ್ನು ಮನೆ ಮನೆ ಅಲೆದು ಹುಡುಕಿದ ವಿಜಯಪುರದ ವಕೀಲ ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು.

ತರಗತಿಯ ಕೆಲಸವಾಗಿ, ಪ್ರತಿ ಮಗುವೂ ತನ್ನ ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಹಳೆಯ ಕನ್ನಡ ಕೈಬರಹವನ್ನು ಹುಡುಕಲಿ: ಭಜನೆಯ ಪುಸ್ತಕ, ಬಯಲಾಟದ ಪ್ರತಿ, ಲೆಕ್ಕದ ವಹಿ, ಒಂದು ಕಾಗದವಾದರೂ ಸರಿ. ಮೂಲವನ್ನು ಶಾಲೆಗೆ ತರಿಸಬಾರದು. ಯಾರು ಬರೆದರು, ಯಾವ ಊರಿನಿಂದ ಬಂದಿತು, ಈಗ ಯಾರ ವಶದಲ್ಲಿದೆ ಎಂಬುದನ್ನು ಕೇಳಿ ಅರ್ಧ ಪುಟ ಬರೆದು ತರಲಿ. ಏನೂ ಸಿಗದ ಮಗು ಅಜ್ಜಿಯ ಬಾಯಿಂದ ಒಂದು ಬೀಸುವ ಪದವನ್ನು ಬರೆದುಕೊಂಡು ಬರಬಹುದು; ಅಜ್ಜಿಯ ಹೆಸರನ್ನು ಕೆಳಗೆ, ಅವರು ಹೇಳಿದ ಕ್ರಮದಲ್ಲಿಯೇ ಬರೆಯಿಸಬೇಕು.