ಬನ್ನಿ ಎಂದು ಬರೆಯುವ ಮುನ್ನ

ಕಣ್ಣು, ಮೊನ್ನೆ ಫೋನಿನಲ್ಲಿ ನೀನು ತೋರಿಸಿದ ಸೇವ್ ದ ಡೇಟ್ ಮಾದರಿಗಳಲ್ಲಿ ಒಂದೂ ತಾತನಿಗೆ ಹಿಡಿಸಲಿಲ್ಲ ಅಂತ ಮುನಿಸಿಕೊಂಡಿದ್ದೀಯಂತೆ. ಮಾದರಿ ಹಿಡಿಸಲಿಲ್ಲ, ನಿಜ. ಆದರೆ ಕಾರ್ಡೇ ಬೇಡ ಅಂತ ನಾನು ಹೇಳಲಿಲ್ಲ.

ಮದುವೆಗೆ ಮೂರು ತಿಂಗಳು ಮೊದಲೇ ತಾರೀಖು ಸಾರುವುದು ಪರದೇಶದ ಚಾಳಿ ಎಂದು ನಿಮ್ಮ ದೊಡ್ಡಪ್ಪ ಗೊಣಗಿದನಲ್ಲ, ಅವನಿಗೆ ಮನೆಯ ಹಳೆಯ ಕಥೆ ಮರೆತಿದೆ. ನಾವು ನೇಕಾರರು. ಹಾಸು ಹೂಡಿದ ಮೇಲೆ ಮಗ್ಗ ಬಿಟ್ಟು ಏಳುವುದು ಸುಲಭವಲ್ಲ. ನಡುವೆ ಎದ್ದರೆ ಆ ವಾರದ ಕೂಲಿ ಹೋಯಿತು. ಅದಕ್ಕೇ ನಮ್ಮಪ್ಪ ಲಗ್ನ ಗೊತ್ತಾದ ವಾರವೇ ಬಸ್ಸು ಹತ್ತಿ ನೆಗಮಂ, ಉಡುಮಲೈ, ಸಿರುಮುಗೈ ಸುತ್ತಿ, ‘ಆವಣಿಯಲ್ಲಿ ಮದುವೆ, ಹಾಸು ಮುಗಿಸಿಕೊಳ್ಳಿ’ ಎಂದು ಹೇಳಿ ಬರುತ್ತಿದ್ದರು. ಪತ್ರಿಕೆ ಆಮೇಲೆ ಹೋಗುತ್ತಿತ್ತು. ನೀನು ಈಗ ಮಾಡಲು ಹೊರಟಿರುವುದೂ ಅದನ್ನೇ.

ಇವತ್ತಿನ ಹಾಸು ಅಂದರೆ ರೈಲಿನ ಟಿಕೆಟ್ಟು. ಮೊದಲು 120 ದಿನ ಮುಂಚೆ ಕಾಯ್ದಿರಿಸಬಹುದಿತ್ತು. 2024ರ ನವೆಂಬರಿನಿಂದ ಅದು 60 ದಿನಕ್ಕೆ ಇಳಿದಿದೆ. ಬೆಂಗಳೂರಿನವರು ಕೋಯಮತ್ತೂರಿಗೆ ಉದಯ್ ರೈಲಿನಲ್ಲೋ ವಂದೇ ಭಾರತ್‌ನಲ್ಲೋ ಬರುವವರು. ಮುಹೂರ್ತದ ವಾರ ಸೀಟು ಒಂದೇ ದಿನದಲ್ಲಿ ಖಾಲಿ. ಎಪ್ಪತ್ತು ದಿನ ಇರುವಾಗಲೇ ಕಾರ್ಡು ಅವರ ಕೈಯಲ್ಲಿರಲಿ. ಐವತ್ತು ದಿನಕ್ಕೆ ತಲುಪುವ ಕಾರ್ಡು ಎಷ್ಟು ಅಂದವಾಗಿದ್ದರೂ ದಂಡ.

ತಾರೀಖಿನ ವಿಷಯದಲ್ಲಿ ಇನ್ನೊಂದು ಎಚ್ಚರ. ‘ಆವಣಿ’ ಎಂದಷ್ಟೇ ಬರೆದರೆ ಬೆಂಗಳೂರಿನವರು ಶ್ರಾವಣ ಅಂದುಕೊಳ್ಳುತ್ತಾರೆ. ನಾವಿಲ್ಲಿ ಹಿಡಿಯುವುದು ಸೂರ್ಯನ ಲೆಕ್ಕ, ಆವಣಿ ಆಗಸ್ಟಿನ ನಡುವಿನಿಂದ ಸೆಪ್ಟೆಂಬರಿನ ನಡುವಿನವರೆಗೆ. ಅವರದು ಚಂದ್ರನ ಲೆಕ್ಕ. ನಮ್ಮಲ್ಲಿ ಇನ್ನೂ ಆಡಿ ತಿಂಗಳು, ಮದುವೆ ಮಾತೇ ಎತ್ತಬಾರದು ಅನ್ನುವಾಗಲೇ ಅವರಿಗೆ ಶ್ರಾವಣ ಶುರುವಾಗಿರಬಹುದು. ಇಂಗ್ಲಿಷ್ ತಾರೀಖು, ವಾರ ಎರಡೂ ದಪ್ಪಕ್ಷರದಲ್ಲಿರಲಿ. ಬರೆದ ಮೇಲೆ ಕ್ಯಾಲೆಂಡರ್ ಮುಂದೆ ನಿಂತು ಬೆರಳಿಟ್ಟು ನೋಡು. ನನ್ನ ಮದುವೆ ಪತ್ರಿಕೆಯಲ್ಲಿ, 1978ರ ಆವಣಿ ಅದು, ತಾರೀಖು ಸರಿಯಾಗಿತ್ತು, ಭಾನುವಾರದ ಬದಲು ಸೋಮವಾರ ಅಂತ ಅಚ್ಚಾಗಿತ್ತು. ಕೊಳ್ಳೇಗಾಲದ ನೆಂಟರು ವಾರವನ್ನೇ ನಂಬಿ ಭಾನುವಾರ ಸಂಜೆ ಬಂದಿಳಿದರು. ಚಪ್ಪರ ಬಿಚ್ಚುತ್ತಿದ್ದರು. ಅಚ್ಚುಕೂಟದವನನ್ನು ಬೈದು ಏನು ಬಂತು? ಕರಡು ನೋಡಿ ಸಹಿ ಹಾಕಿದವನು ನಾನೇ.

ಕೊಳ್ಳೇಗಾಲ ಅಂದೆನಲ್ಲ, 1956ರವರೆಗೆ ಅದು ನಮ್ಮ ಕೋಯಮತ್ತೂರು ಜಿಲ್ಲೆಯ ತಾಲ್ಲೂಕೇ. ಒಂದೇ ಜಿಲ್ಲೆಯೊಳಗಿನ ಕೊಟ್ಟುತರುವ ಮನೆಗಳು ಒಂದು ದಿನ ಎದ್ದು ನೋಡಿದರೆ ಎರಡು ರಾಜ್ಯದವು. ಅವರ ಮಕ್ಕಳು ಕನ್ನಡ ಶಾಲೆಗೆ ಹೋದರು, ನಮ್ಮವರು ತಮಿಳು ಶಾಲೆಗೆ. ನಿನ್ನ ಕಾರ್ಡಿನ ನಿಜವಾದ ತೊಡಕು ಇಲ್ಲಿದೆ.

ನೀನು ಮನೆಮಾತಿನಲ್ಲೇ ಕರೆಯಬೇಕು ಅಂದೆ, ಕೇಳಿ ಹೊಟ್ಟೆ ತಂಪಾಯಿತು. ಆದರೆ ನಿನಗೆ ಕನ್ನಡ ಅಕ್ಷರ ಬಾರದು. ತಮಿಳು ಅಕ್ಷರದಲ್ಲಿ ಕನ್ನಡ ಬರೆದಿದ್ದೀಯ. ನಮ್ಮ ಮನೆಗಳಲ್ಲಿ ಬಹಳ ಮಂದಿ ಹಾಗೇ ಬರೆಯುವುದು, ತಪ್ಪೇನಲ್ಲ. ಆದರೆ ತಮಿಳಿನಲ್ಲಿ ಪ, ಬ ಎರಡಕ್ಕೂ ಒಂದೇ ಅಕ್ಷರ. ತ, ದ ಎರಡಕ್ಕೂ ಒಂದೇ. ನೀನು ಕಾರ್ಡಿನ ನಟ್ಟನಡುವೆ ಹೂಬಳ್ಳಿ ಸುತ್ತಿ ಬರೆದ ‘ಬನ್ನಿ’ಯನ್ನು ನಿನ್ನ ಗೆಳತಿಯರು ಹೇಗೆ ಓದುತ್ತಾರೆ ಗೊತ್ತೆ? ಪನ್ನಿ. ಇಲ್ಲಿನ ಬೀದಿಮಾತಿನಲ್ಲಿ ಪನ್ನಿ ಅಂದರೆ ಹಂದಿ. ಮೇಲಿನ ಸಾಲಿನ ‘ಮದುವೆ’ಯೂ ಅಷ್ಟೆ. ತಮಿಳಿನಲ್ಲಿ ಮದು ಅಂದರೆ ಹೆಂಡ. ಹೆಂಡ, ಹಂದಿ ಎರಡನ್ನೂ ಒಂದೇ ಕಾರ್ಡಿನಲ್ಲಿ ಮುದ್ರಿಸಿ ಮನೆಮನೆಗೆ ಹಂಚುವವಳಿದ್ದೆ. ನಗಬೇಡ. ರಾಜವೀದಿಯ ನಮ್ಮ ಚೌಡೇಶ್ವರಿಯೇ ಈ ಅಕ್ಷರಕ್ಕೆ ಸಿಕ್ಕಿ ಬೋರ್ಡಿನಲ್ಲಿ ಸೌಡೇಶ್ವರಿ ಆಗಿದ್ದಾಳೆ. ಅವಳು ದೇವಿ, ಸಹಿಸಿಕೊಂಡಿದ್ದಾಳೆ. ನಿನ್ನ ಅತ್ತೆಮನೆಯವರು ಹೇಗೋ.

ನಾನು ಹೇಳುವುದಿಷ್ಟು: ಊರು, ಮಂಟಪ, ಹೊತ್ತು ಇವೆಲ್ಲ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರಲಿ, ಓದುವವರಿಗೆ ಅನುಕೂಲವಾಗಲಿ. ಕರೆಯುವ ಆ ಒಂದು ಪದವನ್ನು ಮಾತ್ರ ಕನ್ನಡ ಅಕ್ಷರದಲ್ಲಿ ಕೈಯಾರೆ ಬರೆ. ಓದಲು ಬಾರದವರೂ ಇದೇನು ಅಂತ ಕೇಳುತ್ತಾರೆ. ಹೇಳಿದರೆ ಬಾಯಿಂದ ಅದೇ ಮಾತು ಹೊರಡುತ್ತದೆ. ಕರೆಯುವುದೂ ಆಯಿತು.

ಇನ್ನು ಯಾವುದರ ಮೇಲೆ ಬರೆಯುವುದು? ತಿರುಪ್ಪೂರಿನಲ್ಲಿ ಮೂವತ್ತು ವರ್ಷ ಬನಿಯನ್ ಮೇಲೆ ಚಿತ್ರ ಒತ್ತಿದವನು ನಾನು, ಇದರಲ್ಲಿ ನನ್ನ ಮಾತು ಕೇಳು. ಕಂಪನಿಯ ಕಟಿಂಗ್ ವೇಸ್ಟಿನಲ್ಲಿ ಕಾರ್ಡು ಮಾಡುತ್ತೇನೆ ಅಂದೆಯಲ್ಲ, ಸಿಂಗಲ್ ಜೆರ್ಸಿ ಚೂರನ್ನು ಮುಟ್ಟಬೇಡ. ಕತ್ತರಿಸಿದ ಅಂಚು ತಾನೇ ಸುರುಳಿ ಸುತ್ತಿಕೊಳ್ಳುತ್ತದೆ, ಎಳೆದರೆ ಹಿಗ್ಗುತ್ತದೆ, ಒತ್ತಿದ ಅಕ್ಷರ ಸೊಟ್ಟಗಾಗುತ್ತದೆ. ಇಂಟರ್‌ಲಾಕ್ ಆದರೆ ಸುರುಳಿ ಸುತ್ತದು. ಎಲ್ಲಕ್ಕಿಂತ ಒಳ್ಳೆಯದು ಸೋಮನೂರು ಕಡೆಯ ಬಿಳುಪಿಸದ ಕಾಡಾ ಬಟ್ಟೆ. ಚೆನ್ನಾಗಿ ಒಗೆದು, ಗಟ್ಟಿ ಅಕ್ಕಿಗಂಜಿ ಹಾಕಿ, ಅರ್ಧ ಒಣಗಿದಾಗ ಇಸ್ತ್ರಿ ಮಾಡು. ರಟ್ಟಿನ ಹಾಗೆ ನಿಲ್ಲುತ್ತದೆ. ಕಾಗದವೇ ಬೇಕಾದರೆ ಹತ್ತಿ ಚಿಂದಿಯಿಂದ ಮಾಡಿದ ಕೈಕಾಗದ ಸಿಗುತ್ತದೆ, ಪುದುಚೇರಿಯ ಅರವಿಂದಾಶ್ರಮದವರದು ಬಲು ಚಂದ. ಬೀಜ ಹುದುಗಿಸಿದ ಕಾಗದ ಬೇಡ. ಪಡೆದವರೆಲ್ಲ ಅದನ್ನು ಶೋಕೇಸಿನಲ್ಲಿ ಇಡುತ್ತಾರೆ, ಯಾರೂ ಬಿತ್ತುವುದಿಲ್ಲ.

ಹೊಸತನ ಬೇಕು ಅಂತ ಒದ್ದಾಡುತ್ತಿದ್ದೀಯಲ್ಲ, ನಿಮ್ಮಜ್ಜಿಯ ಆರತಿ ತಟ್ಟೆ ನೋಡು. ಅರಿಸಿನದ ನೀರಿಗೆ ಚೂರು ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಅದನ್ನೇ ಕಾರ್ಡಿಗೆ ತಾ. ಒಳ್ಳೆಯ ಈರೋಡು ಅರಿಸಿನ ಕಲಸಿದ ನೀರಿನಲ್ಲಿ ಬಟ್ಟೆಯನ್ನೋ ಕಾಗದವನ್ನೋ ಅದ್ದಿ ನೆರಳಲ್ಲಿ ಒಣಗಿಸು. ಎಲೆಯಡಿಕೆ ಸುಣ್ಣವನ್ನು ನೀರಿಗೆ ಹಾಕಿ, ತಳ ಕೂತ ಮೇಲೆ ಮೇಲಿನ ತಿಳಿಯಲ್ಲಿ ಕುಂಚ ಅದ್ದಿ ಎಳೆ. ಹಳದಿಯ ಮೇಲೆ ಕೆಂಪು ಎದ್ದು ಬರುತ್ತದೆ. ಆದರೆ ಒಣಗುತ್ತಾ ಆ ಕೆಂಪು ಮಾಸುತ್ತದೆ, ಬಿಸಿಲಿಗೆ ಅರಿಸಿನವೂ ನಿಲ್ಲದು. ಬಳ್ಳಿಗೂ ಚುಕ್ಕಿಗೂ ಅದು ಸಾಕು. ತಾರೀಖನ್ನು ಮಾತ್ರ ಕಪ್ಪು ಶಾಯಿಯಲ್ಲಿ ಬರೆ. ಅಂದಕ್ಕೆ ತಾರೀಖು ಬಲಿಯಾಗಬಾರದು.

ಎಲ್ಲರಿಗೂ ಹೀಗೆ ಮಾಡಲು ಕೂತರೆ ಮದುವೆ ದಿನ ಕೈಯೆಲ್ಲ ಹಳದಿಯೇ. ಗೆಳೆಯರಿಗೆ ಫೋನಿನಲ್ಲಿ ಚಿತ್ರ ಹೋಗಲಿ. ಹಿರಿಯರ ಮನೆ ನಲವತ್ತಿರಬಹುದು, ಅಷ್ಟನ್ನು ಕೈಯಲ್ಲಿ ಮಾಡು. ಅದೂ ಆಗದಿದ್ದರೆ ಅಂಚೆಕಾರ್ಡು ತಾ. ನಾನು ಕೊನೆಯ ಸಲ ಕೊಂಡಾಗ ಒಂದಕ್ಕೆ 50 ಪೈಸೆ. ಅಚ್ಚು ಹಾಕಿ ಕಳಿಸುವುದಾದರೆ 6 ರೂಪಾಯಿ. ಕೈಬರಹಕ್ಕೆ ಸರ್ಕಾರವೇ ರಿಯಾಯಿತಿ ಕೊಟ್ಟಿದೆ.

ಒಂದು ಮಾತ್ರ ಮರೆಯಬೇಡ. ನಿನ್ನ ಸೋದರಮಾವನ ಮನೆಗೆ ಹೋಗಿ ಬಾಯಲ್ಲಿ ಹೇಳುವ ಮೊದಲು ಕುಟುಂಬದ ವಾಟ್ಸಾಪಿಗೆ ಏನನ್ನೂ ಹಾಕಬೇಡ. ಮೊದಲ ಕಾರ್ಡು ಚೌಡೇಶ್ವರಿಯ ಪಾದಕ್ಕೆ, ಎರಡನೆಯದು ಮಾವನ ಕೈಗೆ. ಮೂರನೆಯವನಾಗಿ ಫೋನಿನಲ್ಲಿ ನೋಡಿ ತಿಳಿದ ಮಾವ ಮಂಟಪಕ್ಕೆ ಬರುತ್ತಾನೆ, ಊಟಕ್ಕೆ ಕೂರುವುದಿಲ್ಲ. ಅಂಥದ್ದೊಂದು ಮದುವೆಯನ್ನು ನಾನು ಕಂಡಿದ್ದೇನೆ, ಬಡಿಸಿದ ಎಲೆ ಹಾಗೇ ಇತ್ತು.

ಈ ಕಾರ್ಡು ಹೋಯಿತು ಅಂತ ದೊಡ್ಡ ಪತ್ರಿಕೆ ಬಿಡುವ ಹಾಗೂ ಇಲ್ಲ. ತಮಿಳುನಾಡಿನ 2009ರ ಕಾನೂನಿನ ಪ್ರಕಾರ ಮದುವೆಯಾದ 90 ದಿನದೊಳಗೆ ನೋಂದಾಯಿಸಬೇಕು, ಅಲ್ಲಿ ಮದುವೆ ಪತ್ರಿಕೆ ಕೇಳುತ್ತಾರೆ. ಅರಿಸಿನದ ಬಳ್ಳಿ ತೋರಿಸಿದರೆ ಸಬ್‌ರಿಜಿಸ್ಟ್ರಾರ್ ಒಪ್ಪಲಾರರು.

ಭಾನುವಾರ ಬಾ. ನಲವತ್ತು ಕಾರ್ಡು, ಕುಂಚ, ಕಪ್ಪು ಶಾಯಿ ತಾ. ಬ, ಆಮೇಲೆ ನಿ, ಅದರ ಕೆಳಗೆ ಒಂದು ನಕಾರದ ಒತ್ತು. ಒಂದು ಮಧ್ಯಾಹ್ನದಲ್ಲಿ ಕಲಿಸುತ್ತೇನೆ.