ಆನ್‌ಲೈನ್ ಅಂಗಡಿ ಮತ್ತೆ ತೆರೆಯುವವರಿಗೆ: ತಡೆಯಾದ ದುಡ್ಡನ್ನು ಬಿಡಿಸಿಕೊಳ್ಳುವ ದಾರಿ, ಹಂತ ಹಂತವಾಗಿ

ಕೋವಿಡ್ ಕಾಲದಲ್ಲಿ ಮನೆಯಿಂದಲೇ ಇಳಕಲ್ ಸೀರೆ, ಅಪ್ಪೆಮಿಡಿ ಉಪ್ಪಿನಕಾಯಿ, ಚನ್ನಪಟ್ಟಣದ ಗೊಂಬೆ ಎಂದು ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಮಾರಾಟಕ್ಕಿಳಿದವರು ಎಷ್ಟೋ ಮಂದಿ. ಅವರಲ್ಲಿ ಹಲವರು ಆಮೇಲೆ ನಿಲ್ಲಿಸಿದರು. ಮಗುವಾಯಿತು, ಬೇರೆ ಕೆಲಸ ಸಿಕ್ಕಿತು, ವಾಪಸು ಬಂದ ಸರಕಿನ ರಾಶಿ ನೋಡಿ ಸಾಕಾಯಿತು; ಕಾರಣ ಏನೇ ಇರಲಿ. ಈಗ ಮತ್ತೆ ಶುರುಮಾಡೋಣ ಎಂದು ಲಾಗಿನ್ ಆದರೆ ಖಾತೆ ನಿಷ್ಕ್ರಿಯ ಎನ್ನುವ ಸೂಚನೆ. ಅದನ್ನು ಹೇಗೋ ದಾಟಿ ನಾಲ್ಕು ಆರ್ಡರ್ ಕಳಿಸಿದರೆ, ಸರಕು ತಲುಪಿದರೂ ದುಡ್ಡು ಬ್ಯಾಂಕಿಗೆ ಬಂದಿಲ್ಲ.

‘ಪೇಮೆಂಟ್ ಹೋಲ್ಡ್’ ಎನ್ನುವುದು ಜ್ವರದ ಹಾಗೆ. ಹಲವು ಕಾಯಿಲೆಗಳಿಗೆ ಒಂದೇ ಲಕ್ಷಣ. ಯಾವ ಕಾರಣಕ್ಕೆ ತಡೆಯಾಗಿದೆ ಎಂದು ಗೊತ್ತುಮಾಡಿಕೊಳ್ಳದೆ ಸಹಾಯವಾಣಿಗೆ ದಿನಾ ಫೋನ್ ಮಾಡಿದರೆ ದಿನ ಕಳೆಯುತ್ತದೆಯೇ ಹೊರತು ದುಡ್ಡು ಬರುವುದಿಲ್ಲ.

ಮೊದಲು ಒಂದು ಮಾತು ತಿಳಿದಿರಲಿ. ಕೊಂಡವರು ಕೊಟ್ಟ ಹಣ ನೇರವಾಗಿ ನಿಮಗೆ ಬರುವುದಿಲ್ಲ. ಮಧ್ಯವರ್ತಿಗಳ ಕೈಗೆ ಬಂದ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡಬೇಕು ಎಂದು ರಿಸರ್ವ್ ಬ್ಯಾಂಕ್ 2009ರ ನವೆಂಬರ್‌ನಲ್ಲೇ ನಿರ್ದೇಶನ ಕೊಟ್ಟಿತ್ತು. 2020ರ ಮಾರ್ಚ್‌ನಲ್ಲಿ ಪೇಮೆಂಟ್ ಅಗ್ರಿಗೇಟರ್‌ಗಳ ನಿಯಮ ತಂದಾಗ ಅದನ್ನು ಇನ್ನಷ್ಟು ಬಿಗಿ ಮಾಡಿತು. ವಾಪಸು ಕೊಡುವ ಅವಧಿ ಮುಗಿಯುವವರೆಗೆ ಹಣವನ್ನು ಮಾರಾಟಗಾರರಿಗೆ ಬಿಡದಿರಲು ಒಪ್ಪಂದದಲ್ಲಿ ಅವಕಾಶ ಇರುತ್ತದೆ. ನಾವು ಓದದೆ ‘ಒಪ್ಪಿದ್ದೇನೆ’ ಎಂದು ಒತ್ತಿದ ಒಪ್ಪಂದ ಅದೇ. ಬಹಳ ದಿನ ಮಾರಾಟ ನಿಲ್ಲಿಸಿ ಬಂದವರನ್ನು ವೇದಿಕೆಗಳು ಹೆಚ್ಚುಕಡಿಮೆ ಹೊಸಬರಂತೆಯೇ ನೋಡುತ್ತವೆ. ನಿಮ್ಮ ಹಳೆಯ ಐದು ನಕ್ಷತ್ರಗಳಿಗೆ ಅಲ್ಲಿ ಅಷ್ಟೇನೂ ಬೆಲೆ ಉಳಿದಿರುವುದಿಲ್ಲ.

ಹಂತ 1: ಹೊಸ ಖಾತೆ ತೆರೆಯಬೇಡಿ

ಹಳೆಯದು ಕೆಲಸ ಮಾಡುತ್ತಿಲ್ಲವಲ್ಲ, ಹೆಂಡತಿಯ ಹೆಸರಲ್ಲೋ ತಮ್ಮನ ಹೆಸರಲ್ಲೋ ಇನ್ನೊಂದು ತೆರೆದರಾಯಿತು ಎಂಬ ಸಲಹೆ ಎಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಸಿಗುತ್ತದೆ. ಕೇಳಬೇಡಿ. ಅದೇ ವಿಳಾಸ, ಅದೇ ಫೋನು, ಅದೇ ಕಂಪ್ಯೂಟರು, ಅದೇ ಪಿಕಪ್ ಜಾಗ: ಇವನ್ನೆಲ್ಲ ಹೊಂದಿಸಿ ನೋಡುವ ವ್ಯವಸ್ಥೆ ವೇದಿಕೆಗಳಲ್ಲಿದೆ. ಹಳೆಯ ಖಾತೆಯಲ್ಲಿ ಬಾಕಿಯೋ ದೂರೋ ಇದ್ದರೆ ಹೊಸದನ್ನೂ ಅದರ ಜೊತೆಗೆ ಮುಚ್ಚುತ್ತಾರೆ. ಆಗ ಎರಡು ಕಡೆ ದುಡ್ಡು ಸಿಕ್ಕಿಕೊಳ್ಳುತ್ತದೆ.

ಹಳೆಯ ಇಮೇಲ್, ಹಳೆಯ ಮೊಬೈಲ್ ಸಂಖ್ಯೆಯಿಂದಲೇ ಒಳಗೆ ಹೋಗಿ. ಸಿಮ್ ಬದಲಾಗಿದ್ದರೆ ಖಾತೆ ವಾಪಸು ಪಡೆಯುವ ಪ್ರಕ್ರಿಯೆಯಲ್ಲಿ ಗುರುತಿನ ದಾಖಲೆ ಕೊಟ್ಟು ಸಂಖ್ಯೆ ಬದಲಿಸಿಕೊಳ್ಳಿ. ತಡವಾದೀತು, ಆದರೂ ಇದೇ ಸರಿಯಾದ ದಾರಿ.

ಹಂತ 2: ಹೆಸರು ಎಲ್ಲ ಕಡೆ ಒಂದೇ ಇದೆಯೇ ನೋಡಿ

ಪ್ಯಾನ್, ಬ್ಯಾಂಕ್ ಖಾತೆ, ಜಿಎಸ್‌ಟಿ ನೋಂದಣಿ ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೋಲಿಸಿ. ನಮ್ಮ ಕಡೆ ಇನಿಷಿಯಲ್‌ಗಳದೇ ದೊಡ್ಡ ಗೋಳು. ಪ್ಯಾನ್‌ನಲ್ಲಿ ತಂದೆಯ ಹೆಸರು ಪೂರ್ತಿ, ಬ್ಯಾಂಕಿನಲ್ಲಿ ಒಂದಕ್ಷರ, ಮದುವೆಯಾದ ಮೇಲೆ ಆಧಾರ್‌ನಲ್ಲಿ ಗಂಡನ ಹೆಸರು. ವೇದಿಕೆಯವರು ಒಂದು ರೂಪಾಯಿ ಹಾಕಿ ಬ್ಯಾಂಕಿನಲ್ಲಿರುವ ಹೆಸರನ್ನು ಪರೀಕ್ಷಿಸುತ್ತಾರೆ. ಅಲ್ಲಿ ಹೊಂದದಿದ್ದರೆ ಪಾವತಿ ಅಲ್ಲಿಗೇ ನಿಲ್ಲುತ್ತದೆ.

ಆಧಾರ್ ಜೋಡಿಸದ ಪ್ಯಾನ್‌ಗಳು 2023ರ ಜುಲೈ 1ರಿಂದ ನಿಷ್ಕ್ರಿಯವಾಗಿವೆ. ನಿಮ್ಮದು ಯಾವ ಸ್ಥಿತಿಯಲ್ಲಿದೆ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನೋಡಿ. ಬ್ಯಾಂಕುಗಳ ವಿಲೀನದ ನಂತರ ಐಎಫ್‌ಎಸ್‌ಸಿ ಕೋಡ್ ಬದಲಾಗಿರುವುದನ್ನೂ ಮರೆಯಬೇಡಿ. ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್‌ನಲ್ಲಿ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿದವು. ಕರಾವಳಿಯ ಎಷ್ಟೋ ಹಳೆಯ ಖಾತೆಗಳು ಈ ಎರಡರಲ್ಲೇ ಇದ್ದವು.

ಬ್ಯಾಂಕ್ ಖಾತೆ ಬದಲಿಸಿದರೆ ಸುರಕ್ಷತೆಗೆಂದು ಕೆಲವು ದಿನ ಪಾವತಿ ತಡೆಯುತ್ತಾರೆ. ಹಾಗಾಗಿ ಈ ಕೆಲಸವನ್ನು ಮೊದಲ ಆರ್ಡರ್‌ಗಿಂತ ಮುಂಚೆಯೇ ಮುಗಿಸಿ.

ಹಂತ 3: ಜಿಎಸ್‌ಟಿ ಜೀವಂತವಾಗಿದೆಯೇ?

ಮಾರಾಟವೇ ಇಲ್ಲದಿದ್ದರೂ ಶೂನ್ಯ ರಿಟರ್ನ್ ಸಲ್ಲಿಸಬೇಕು. ಅಂಗಡಿ ಮುಚ್ಚಿದವರು ಮರೆಯುವುದು ಇದನ್ನೇ. ತಿಂಗಳಿಗೊಮ್ಮೆ ಸಲ್ಲಿಸುವವರು ಸತತ ಆರು ತಿಂಗಳು ಬಿಟ್ಟರೆ ಅಧಿಕಾರಿಗಳು ನೋಂದಣಿ ರದ್ದುಮಾಡಬಹುದು. ರದ್ದಾದ ಆದೇಶ ಕೈಸೇರಿ 90 ದಿನದೊಳಗಾದರೆ, ಬಾಕಿ ರಿಟರ್ನ್‌ಗಳನ್ನೂ ದಂಡವನ್ನೂ ಮುಗಿಸಿ, ರದ್ದತಿ ಹಿಂಪಡೆಯಲು ಅರ್ಜಿ ಹಾಕಿ. ತಡವಾದದ್ದಕ್ಕೆ ತಕ್ಕ ಕಾರಣವಿದ್ದರೆ ಮೇಲಧಿಕಾರಿಗಳು ಇನ್ನೂ 180 ದಿನದವರೆಗೆ ಅವಕಾಶ ಕೊಡಬಹುದು. ಅದೂ ಮೀರಿದ್ದರೆ ಹೊಸ ನೋಂದಣಿಯ ಯೋಚನೆ ಮಾಡಬೇಕು. ಶೂನ್ಯ ರಿಟರ್ನ್‌ಗೆ ತಡದ ಶುಲ್ಕ ದಿನಕ್ಕೆ 20 ರೂಪಾಯಿ, ಒಂದು ರಿಟರ್ನ್‌ಗೆ ಗರಿಷ್ಠ 500. ಕೇಳಲು ಸಣ್ಣದು, ಎರಡು ವರ್ಷದ್ದು ಸೇರಿದರೆ ಸಣ್ಣದಲ್ಲ. ಇಲ್ಲಿ ಆಡಿಟರ್‌ಗೆ ಕೊಡುವ ಫೀಸು ದಂಡವಲ್ಲ, ಉಳಿತಾಯ.

ವಹಿವಾಟು 40 ಲಕ್ಷದೊಳಗಿರುವ, ಸರಕು ಮಾರುವ ಸಣ್ಣವರು 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ನೋಂದಣಿಯಿಲ್ಲದೆ, ಎನ್‌ರೋಲ್‌ಮೆಂಟ್ ಸಂಖ್ಯೆ ಒಂದನ್ನು ಪಡೆದು ಆನ್‌ಲೈನ್‌ನಲ್ಲಿ ಮಾರಬಹುದು. ಆದರೆ ತಮ್ಮ ರಾಜ್ಯದೊಳಗೆ ಮಾತ್ರ. ಇಳಕಲ್ಲಿನಿಂದ ಹುಬ್ಬಳ್ಳಿಗೆ ಸೀರೆ ಕಳಿಸಬಹುದು, ಸೊಲ್ಲಾಪುರಕ್ಕೆ ಆಗದು. ಇಳಕಲ್ ಸೀರೆಗೆ ಗಡಿಯಾಚೆಯೂ ಗಿರಾಕಿಗಳಿರುವುದರಿಂದ ಈ ಸೌಲಭ್ಯವನ್ನು ನಂಬಿ ಕೂರುವುದು ನನಗಂತೂ ಸರಿಕಾಣುವುದಿಲ್ಲ.

ಹಂತ 4: ತಡೆ ಯಾವುದು ಎಂದು ಪತ್ತೆಹಚ್ಚಿ

ಈ ಹಂತಕ್ಕೆ ಒಂದು ಸಂಜೆಯನ್ನೇ ಮೀಸಲಿಡಿ. ಸೆಲ್ಲರ್ ಪ್ಯಾನೆಲ್‌ನಲ್ಲಿ ‘ಪೇಮೆಂಟ್ಸ್’ ಪುಟ ತೆರೆದು, ಒಟ್ಟು ಮೊತ್ತವನ್ನಷ್ಟೇ ನೋಡದೆ ಆರ್ಡರ್‌ವಾರು ಪಟ್ಟಿಯನ್ನು ಇಳಿಸಿಕೊಳ್ಳಿ.

ಆರ್ಡರ್ ತಲುಪಿ ಇನ್ನೂ ವಾರ ಕಳೆದಿಲ್ಲದಿದ್ದರೆ ಅದು ತಡೆಯೇ ಅಲ್ಲ, ಸಹಜ ಕಾಯುವಿಕೆ. ವಾಪಸಾತಿ ಅವಧಿ ಮುಗಿಯಬೇಕು, ಆಮೇಲೆ ನಿಮ್ಮ ಸೆಟಲ್‌ಮೆಂಟ್ ದಿನ ಬರಬೇಕು. ಸರಕು ತಲುಪಿದ್ದೇ ದಾಖಲಾಗಿರದಿದ್ದರೆ ಎಣಿಕೆ ಶುರುವೇ ಆಗಿರುವುದಿಲ್ಲ. ಕೊರಿಯರ್ ಹುಡುಗ ಕೊಟ್ಟಿದ್ದಾನೆ, ಟ್ರ್ಯಾಕಿಂಗ್‌ನಲ್ಲಿ ಮಾತ್ರ ‘ದಾರಿಯಲ್ಲಿದೆ’ ಎಂದೇ ನಿಂತಿದೆ ಎನ್ನುವ ಪ್ರಕರಣ ಅಪರೂಪವಲ್ಲ.

‘ರಿಸರ್ವ್’ ಎಂದು ಕಂಡರೆ ಮುಂದೆ ಬರಬಹುದಾದ ವಾಪಸು, ದೂರುಗಳಿಗೆಂದು ಖಾತೆಯ ಮಟ್ಟದಲ್ಲಿ ಒಂದಿಷ್ಟು ಎತ್ತಿಟ್ಟಿದ್ದಾರೆ ಎಂದರ್ಥ. ಮರಳಿ ಬಂದವರಿಗೆ, ಇದ್ದಕ್ಕಿದ್ದಂತೆ ಮಾರಾಟ ಏರಿದವರಿಗೆ ಇದು ಹೆಚ್ಚು. ವಾದ ಮಾಡಿ ಇಳಿಸಲಾಗದು. ಹೊತ್ತಿಗೆ ಸರಿಯಾಗಿ ಕಳಿಸುತ್ತ ಹೋದರೆ ತಾನೇ ಕರಗುತ್ತದೆ.

ಬಾಕಿ ಮೊತ್ತ ಮೈನಸ್‌ನಲ್ಲಿದೆಯೇ? ಅಂಗಡಿ ಮುಚ್ಚಿದ ಮೇಲೆ ಬಂದ ವಾಪಸುಗಳು, ನಿಲ್ಲಿಸಲು ಮರೆತ ಜಾಹೀರಾತು, ಗೋದಾಮಿನಲ್ಲಿ ಉಳಿದ ಸರಕಿನ ಬಾಡಿಗೆ ಎಲ್ಲ ಸೇರಿ ಹಳೆಯ ಸಾಲವಾಗಿರಬಹುದು. ಹೊಸ ಮಾರಾಟದ ಹಣ ಮೊದಲು ಅದಕ್ಕೆ ಜಮೆಯಾಗುತ್ತದೆ. ಹಣ ಬಂದಿಲ್ಲ ಎಂದು ನೀವು ಕಾಯುತ್ತಿರುತ್ತೀರಿ, ಅವರ ಲೆಕ್ಕದಲ್ಲಿ ಅದು ಆಗಲೇ ಸಂದಿದೆ.

ಖಾತೆಯೇ ಅಮಾನತಾಗಿದ್ದರೆ ವಿಷಯ ಬೇರೆ. ಅಮೆಜಾನ್‌ನಂಥ ವೇದಿಕೆ ಇಂಥ ಖಾತೆಯ ಹಣವನ್ನು 90 ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ತಡೆದಿಡಬಹುದು. ಅಮಾನತಿನ ಕಾರಣಕ್ಕೆ ಉತ್ತರ ಕೊಡದೆ ಹಣದ ಮಾತೆತ್ತಿದರೆ ಪ್ರಯೋಜನವಿಲ್ಲ.

ಇನ್ನು ಕಡಿತ. 1,000 ರೂಪಾಯಿ ತೆರಿಗೆಪೂರ್ವ ಬೆಲೆಯ ಸೀರೆಗೆ ಜಿಎಸ್‌ಟಿಯ ಟಿಸಿಎಸ್ ಶೇಕಡಾ 0.5ರಂತೆ 5 ರೂಪಾಯಿ, ಆದಾಯ ತೆರಿಗೆಯ ಟಿಡಿಎಸ್ ಶೇಕಡಾ 0.1ರಂತೆ ಸುಮಾರು 1 ರೂಪಾಯಿ. 2024ಕ್ಕೆ ಮುಂಚೆ ಎರಡೂ ಶೇಕಡಾ 1 ಇದ್ದವು. ಆ ವರ್ಷದ ಜುಲೈಯಲ್ಲಿ ಮೊದಲನೆಯದು, ಅಕ್ಟೋಬರ್‌ನಲ್ಲಿ ಎರಡನೆಯದು ಇಳಿದವು. ಈ ಹಣ ಮುಳುಗಿಲ್ಲ. ಟಿಸಿಎಸ್ ಅನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವೇ ಒಪ್ಪಿಕೊಂಡರೆ ನಿಮ್ಮ ಕ್ಯಾಶ್ ಲೆಡ್ಜರ್‌ಗೆ ಬರುತ್ತದೆ. ಟಿಡಿಎಸ್ ಆದಾಯ ತೆರಿಗೆ ವಿವರ ಸಲ್ಲಿಸುವಾಗ ಸಿಗುತ್ತದೆ. ಒಪ್ಪಿಕೊಳ್ಳುವ ಗುಂಡಿ ಒತ್ತದೆ ವರ್ಷಗಟ್ಟಲೆ ಬಿಟ್ಟವರಿದ್ದಾರೆ.

ಹಂತ 5: ಬರೆದು ಕೇಳಿ

ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿಯಿಲ್ಲ. ಸಪೋರ್ಟ್ ಟಿಕೆಟ್‌ನಲ್ಲಿ ಒಂದು ಸಲಕ್ಕೆ ಒಂದೇ ಪ್ರಶ್ನೆ ಹಾಕಿ: ಇಂಥ ಆರ್ಡರ್ ಸಂಖ್ಯೆ, ಇಂಥ ದಿನ ತಲುಪಿದೆ, ಸೆಟಲ್‌ಮೆಂಟ್ ಇಂಥ ದಿನ ಆಗಬೇಕಿತ್ತು, ಇಷ್ಟು ಮೊತ್ತ ಬಂದಿಲ್ಲ, ತಡೆಯ ಕಾರಣವೇನು, ಯಾವ ದಾಖಲೆ ಬೇಕು? ಅಷ್ಟೇ. ಕಷ್ಟಸುಖದ ಕತೆ ಬೇಡ. ಓದುವವರ ಕೈಯಲ್ಲಿ ಕರಗುವ ಅಧಿಕಾರವಿಲ್ಲ. ಉತ್ತರ ಬರುವ ಮೊದಲೇ ಅದೇ ವಿಷಯಕ್ಕೆ ಮತ್ತೊಂದು ಟಿಕೆಟ್ ತೆರೆದರೆ ಮೊದಲನೆಯದನ್ನು ಮುಚ್ಚಿ ಸರತಿಯ ಕೊನೆಗೆ ತಳ್ಳುವ ಸಾಧ್ಯತೆಯಿದೆ. ಉತ್ತರದಿಂದ ತೃಪ್ತಿಯಾಗದಿದ್ದರೆ ಅದೇ ಟಿಕೆಟ್ ಸಂಖ್ಯೆ ಹಿಡಿದು ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಅದರಾಚೆಗಿನ ದಾರಿ ಒಪ್ಪಂದದಲ್ಲೇ ಇರುತ್ತದೆ, ಹೆಚ್ಚಾಗಿ ಮಧ್ಯಸ್ಥಿಕೆ. ದೊಡ್ಡ ಮೊತ್ತವಲ್ಲದಿದ್ದರೆ ವಕೀಲರ ಖರ್ಚೇ ಮೀರುತ್ತದೆ. 1915 ಗ್ರಾಹಕ ಸಹಾಯವಾಣಿ ಮುಖ್ಯವಾಗಿ ಕೊಳ್ಳುವವರಿಗಾಗಿ ಇರುವುದು.

ಇದೇ ಹೊತ್ತಿಗೆ ‘ನಿಮ್ಮ ಹೋಲ್ಡ್ ತೆಗೆಸಿಕೊಡುತ್ತೇವೆ’ ಎಂದು ಯಾರಾದರೂ ಕರೆಮಾಡಿದರೆ ಫೋನ್ ಇಡಿ. ಒಟಿಪಿ, ಪರದೆ ಹಂಚಿಕೊಳ್ಳುವ ಆ್ಯಪ್, ‘ಆ್ಯಕ್ಟಿವೇಷನ್ ಫೀಸ್’ ಎಲ್ಲವೂ ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆಮಾಡಿ.

ಹಂತ 6: ನೀವಿಲ್ಲದಾಗ ಬದಲಾದ ನಿಯಮಗಳು

ಗೊಂಬೆ ಮಾರುವವರು ಮುಖ್ಯವಾಗಿ ಗಮನಿಸಿ. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಕರಕುಶಲ ಆಯುಕ್ತರ ಕಚೇರಿಯಲ್ಲಿ ನೋಂದಾಯಿತರಾದ ಕುಶಲಕರ್ಮಿಗಳ ವಸ್ತುಗಳಿಗೆ, ಭೌಗೋಳಿಕ ಸೂಚಕ ಪಡೆದ ಆಟಿಕೆಗಳ ಅಧಿಕೃತ ಬಳಕೆದಾರರಿಗೆ ವಿನಾಯಿತಿ ಇದೆ. ಚನ್ನಪಟ್ಟಣದ ಗೊಂಬೆಗೆ ಆ ಸೂಚಕವಿದೆ. ಆದರೆ ನೀವು ಅಲ್ಲಿಂದ ಕೊಂಡು ಮಾರುತ್ತೀರಿ ಎಂದಷ್ಟಕ್ಕೇ ವಿನಾಯಿತಿ ನಿಮಗೆ ದಕ್ಕುವುದಿಲ್ಲ. ತಯಾರಿಸಿದವರ ದಾಖಲೆಯ ಪ್ರತಿ ನಿಮ್ಮಲ್ಲಿರಬೇಕು. ಇಲ್ಲದಿದ್ದರೆ ಲಿಸ್ಟಿಂಗ್ ತೆಗೆದುಹಾಕುತ್ತಾರೆ, ಕಳಿಸಿದ್ದರ ಹಣಕ್ಕೂ ತಡೆ ಬೀಳಬಹುದು.

ಉಪ್ಪಿನಕಾಯಿಯವರು ಎಫ್‌ಎಸ್‌ಎಸ್‌ಎಐ ಸಂಖ್ಯೆಯ ಅವಧಿ ನೋಡಿಕೊಳ್ಳಿ. ತಲುಪಿಸುವಾಗ ಬಾಳಿಕೆಯ ಶೇಕಡಾ 30 ಭಾಗ ಅಥವಾ 45 ದಿನ ಉಳಿದಿರಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2024ರ ಕೊನೆಗೆ ಆನ್‌ಲೈನ್ ವೇದಿಕೆಗಳಿಗೆ ಹೇಳಿದೆ. ಪೊಟ್ಟಣದಲ್ಲಿ ಮಾರುವ ಸರಕಿಗೆಲ್ಲ ಎಂಆರ್‌ಪಿ, ನಿವ್ವಳ ಪ್ರಮಾಣ, ತಯಾರಕರ ವಿಳಾಸ, ಮೂಲ ದೇಶ ಲಿಸ್ಟಿಂಗ್‌ನಲ್ಲೂ ಕಾಣಬೇಕು.

ಹಂತ 7: ಕೈಗಾಸಿನ ಲೆಕ್ಕ

ದಿನಕ್ಕೆ ಮೂರು ಸೀರೆ ಹೋಗುತ್ತದೆ, ಒಂದರ ಅಸಲು 1,000 ರೂಪಾಯಿ ಎಂದಿಟ್ಟುಕೊಳ್ಳಿ. ತಲುಪಲು ಏಳು ದಿನ, ವಾಪಸಾತಿಗೆ ಏಳು, ಸೆಟಲ್‌ಮೆಂಟ್ ಸರದಿಗೆ ಹೆಚ್ಚೆಂದರೆ ಇನ್ನೇಳು: 21 ದಿನ. ಮೊದಲ ರೂಪಾಯಿ ಕೈಗೆ ಬರುವಷ್ಟರಲ್ಲಿ 63,000 ರೂಪಾಯಿಯ ಸರಕು ಹೊರಗಿರುತ್ತದೆ. ಪ್ಯಾಕಿಂಗ್, ವಾಪಸು ಬಂದದ್ದರ ಸಾಗಣೆ ಬೇರೆ. ನೇಕಾರರಿಗೆ ಕೊಡಬೇಕಾದ್ದನ್ನು ಈ ಹಣ ನಂಬಿ ಒಪ್ಪಿಕೊಂಡರೆ ಮೂರನೇ ವಾರಕ್ಕೆ ಮುಖ ತೋರಿಸಲಾಗುವುದಿಲ್ಲ. ಕೈಯಲ್ಲಿ 20,000 ಮಾತ್ರ ಇದ್ದರೆ ಲಿಸ್ಟಿಂಗ್‌ನಲ್ಲಿ ದಾಸ್ತಾನು ಸಂಖ್ಯೆ ಕಡಿಮೆ ತೋರಿಸಿ, ದಿನಕ್ಕೊಂದೇ ಹೋಗಲಿ. ಹಬ್ಬದ ಸೇಲ್ ಹೊತ್ತಿನಲ್ಲಿ ಮರಳುವುದು ನನ್ನ ಪ್ರಕಾರ ಅವಿವೇಕ. ಆರ್ಡರ್ ಸಿಗುತ್ತದೆ ನಿಜ, ಮಾರಾಟ ಹಠಾತ್ತನೆ ಏರಿದ್ದಕ್ಕೇ ರಿಸರ್ವ್ ಕೂಡ ಏರುತ್ತದೆ.

ಹಂತ 8: ಸಾಕ್ಷಿ ಇಟ್ಟುಕೊಳ್ಳಿ

ಪ್ಯಾಕ್ ಮಾಡುವಾಗ ಒಂದೇ ಓಟದಲ್ಲಿ ವಿಡಿಯೊ: ಸೀರೆಯ ಸೆರಗು, ಬಿಲ್ಲು, ಮುಚ್ಚಿದ ಕವರು, ಮೇಲಿನ ಲೇಬಲ್. ವಾಪಸು ಬಂದದ್ದನ್ನು ಬಿಚ್ಚುವಾಗಲೂ ಹಾಗೆಯೇ. ರೇಷ್ಮೆಯ ಬದಲು ಹಳೆ ನೈಲಾನ್ ಬಂದರೆ ಪರಿಹಾರ ಕೇಳಲು ಇದೊಂದೇ ಆಧಾರ, ಅದಕ್ಕೂ ಕೆಲವೇ ದಿನಗಳ ಗಡುವಿರುತ್ತದೆ. ಡಬ್ಬಿಯ ಅಳತೆಯನ್ನೂ ಬರೆದಿಡಿ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸಿದರೆ ಬರುವ ಕಿಲೋ ಲೆಕ್ಕ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಸಾಗಣೆ ದರ ಅದರ ಮೇಲೆ ಬೀಳುತ್ತದೆ.

ಹಂತ 9: ತಾಳೆ ನೋಡಿ, ಆಮೇಲೆ ಹೆಚ್ಚಿಸಿ

ಪ್ರತಿ ಸೆಟಲ್‌ಮೆಂಟ್ ಪಟ್ಟಿಯನ್ನು ಬ್ಯಾಂಕ್ ಪಾಸ್‌ಬುಕ್‌ನೊಂದಿಗೆ ಇಟ್ಟು ನೋಡಿ: ಆರ್ಡರ್, ಬಂದ ಮೊತ್ತ, ಕಮಿಷನ್, ಸಾಗಣೆ, ಟಿಸಿಎಸ್, ಟಿಡಿಎಸ್. ಒಂದು ನೋಟ್‌ಬುಕ್ ಸಾಕು, ಸಾಫ್ಟ್‌ವೇರ್ ಬೇಕಿಲ್ಲ. ಸತತ ಮೂರು ಸೆಟಲ್‌ಮೆಂಟ್ ಪೈಸೆಗೆ ಪೈಸೆ ತಾಳೆಯಾದ ಮೇಲೆ ದಾಸ್ತಾನು ಸಂಖ್ಯೆಯನ್ನು ಒಂದರಿಂದ ಎರಡಕ್ಕೆ ಏರಿಸಿ. ತಾಳೆಯಾಗದ ಸಾಲು ಕಂಡರೆ ಕೆಂಪು ಗೆರೆ ಎಳೆದು, ಅಂದೇ ಟಿಕೆಟ್ ತೆರೆಯಿರಿ.