ತಂಬೂರಿಯ ಬೆನ್ನನ್ನೂ ನೋಡು

ತಂಗಿ, ನಿನ್ನ ಚಿತ್ರ ನೋಡಿದೆ. ಸಿತಾರನ್ನು ಮೊದಲು ಚೆಂದಾಗಿ ಬರೆದು, ಅದರ ಮೇಲೆ ಸ್ಕೇಲ್ ಇಟ್ಟು ಗೆರೆ ಹೊಡೆದು, ತ್ರಿಕೋನ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೂರಿಗೂ ಒಂದೊಂದು ಬಣ್ಣ ತುಂಬಿದ್ದೀ. ಕೈ ಚೊಕ್ಕವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಡಿಯಾಗಿದ್ದುದನ್ನು ಒಡೆಯುವುದೇ ಕ್ಯೂಬಿಸಂ ಎಂದು ತಿಳಿದಂತಿದೆ. ನನಗೆ ಅದು ಕೂಡಿಸುವ ಕೆಲಸವಾಗಿ ಕಾಣುತ್ತದೆ. ಅದಕ್ಕೇ ಇಷ್ಟು ಬರೆಯಬೇಕೆನಿಸಿತು.

ಜಾರ್ಜ್ ಬ್ರಾಕ್ 1909ರಲ್ಲಿ ಬರೆದ ‘ವಯಲಿನ್ ಮತ್ತು ಪ್ಯಾಲೆಟ್’ ಚಿತ್ರವನ್ನು ಹುಡುಕಿ ತೆಗೆ. ಮೂಲ ಇರುವುದು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ. ಸದ್ಯಕ್ಕೆ ಮೊಬೈಲಿನಲ್ಲೇ ದೊಡ್ಡದು ಮಾಡಿಕೊಂಡು ನೋಡು. ಉದ್ದನೆಯ, ಕಿರಿದಾದ ಚಿತ್ರ. ಕೆಳಗೆ ವಯಲಿನ್, ಅದರ ಮೇಲೆ ಸ್ವರಲಿಪಿಯ ಹಾಳೆಗಳು, ತುದಿಯಲ್ಲಿ ಚಿತ್ರಗಾರ ಬಣ್ಣ ಕಲೆಸುವ ಹಲಗೆ. ವಯಲಿನ್ನಿನ ಎರಡು ಬದಿ ಒಂದಕ್ಕೊಂದು ಸರಿಯಾಗಿ ಕೂಡುವುದಿಲ್ಲ. ಒಂದೊಂದನ್ನು ಒಂದೊಂದು ಕಡೆ ನಿಂತು ನೋಡಿದಂತಿದೆ. ಹಾಳೆ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಹೇಳುವುದೇ ಕಷ್ಟ. ಈಗ ತುತ್ತತುದಿಗೆ ಹೋಗು. ಹಲಗೆ ತೂಗುಬಿದ್ದ ಮೊಳೆ ಕಾಣುತ್ತದಲ್ಲ? ಆ ಮೊಳೆಯನ್ನು ಮಾತ್ರ ಹಳೇ ಕಾಲದ ಚಿತ್ರಗಾರರ ಹಾಗೆ, ನೆರಳು ಸಮೇತ, ಕೈಹಾಕಿ ಕೀಳಬಹುದು ಎನ್ನುವಷ್ಟು ನಿಜವಾಗಿ ಬರೆದಿದ್ದಾನೆ. ಹಳೆಯ ವಿದ್ಯೆ ಬಾರದವನು ಹೊಸದಕ್ಕೆ ಕೈಹಾಕಿದ್ದಲ್ಲ ಎಂಬುದಕ್ಕೆ ಆ ಮೊಳೆಯೇ ಸಾಕ್ಷಿ. ಎರಡು ಬಗೆಯ ನೋಟವನ್ನೂ ಒಂದೇ ಕ್ಯಾನ್ವಾಸಿನಲ್ಲಿ ಇಟ್ಟು, ಯಾವುದು ಹೆಚ್ಚು ನಿಜ ಹೇಳು ಎಂದು ನಮ್ಮನ್ನೇ ಕೇಳುತ್ತಾನೆ.

ಈ ಕ್ಯೂಬಿಸಂನವರಿಗೆ ವಾದ್ಯವೇ ಯಾಕೆ ಬೇಕಾಯಿತು ಎಂದು ಕೇಳಿದೆಯಲ್ಲ. ಬ್ರಾಕ್‌ನ ಕೋಣೆಯ ಗೋಡೆಗೆ ವಾದ್ಯಗಳು ನೇತಾಡುತ್ತಿದ್ದವು, ಅವನಿಗೆ ನುಡಿಸುವುದೂ ಬರುತ್ತಿತ್ತು. ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುವ ವಸ್ತು ವಾದ್ಯ. ನೀನೇ ಯೋಚಿಸು: ಗಾಯಕರ ಹಿಂದೆ ಕೂತು ತಂಬೂರಿ ಮೀಟುವವಳಿಗೆ ಅದರ ಮುಖ ಪೂರ್ತಿ ಕಾಣುವುದೇ ಇಲ್ಲ. ದಂಡಿ ಹೆಗಲಿಗೆ ಒರಗಿರುತ್ತದೆ. ಪಂಚಮದ ತಂತಿಗೆ ನಡುಬೆರಳು, ಜೋಡಿಗೂ ಖರ್ಜಕ್ಕೂ ತೋರುಬೆರಳು. ಬುರುಡೆಯ ಗುಂಯ್ ಎನ್ನುವ ನಡುಕ ತೊಡೆಗೆ, ಪಕ್ಕೆಗೆ ತಾಗುತ್ತಿರುತ್ತದೆ. ಬಿರಡೆಯ ಬಿಗಿ ಅಂಗೈಗೆ ಗೊತ್ತು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯಡಿ ಸೇರಿಸಿದ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ಜವಾರಿ, ಅಂದರೆ ನಾದದ ಝೇಂಕಾರ, ತೆರೆದುಕೊಳ್ಳುವುದು ಕಿವಿಗೆ ಗೊತ್ತು. ಇಷ್ಟನ್ನೂ ಬಿಟ್ಟು, ಗೋಡೆಗೆ ಆನಿಸಿಟ್ಟ ತಂಬೂರಿಯನ್ನು ಎದುರು ನಿಂತು ಬರೆದರೆ ಅದರ ಎಷ್ಟು ಪಾಲು ಹಾಳೆಗೆ ಬಂದೀತು?

ಒಂದೇ ಜಾಗದಲ್ಲಿ ನಿಂತು ಒಂದೇ ಕಣ್ಣಿನಿಂದ ನೋಡಿದ ಹಾಗೆ ಬರೆಯುವ ಕ್ರಮವನ್ನು ಇಟಲಿಯವರು 15ನೇ ಶತಮಾನದಲ್ಲಿ ಲೆಕ್ಕಾಚಾರ ಹಾಕಿ ಗಟ್ಟಿ ಮಾಡಿದರು. ದೊಡ್ಡ ವಿದ್ಯೆ ಅದು, ನೀನೂ ಕಲಿ. ಬ್ರಾಕ್, ಪಿಕಾಸೊ ಆ ನಿಂತ ಜಾಗದಿಂದ ಕದಲಿದರು. ವಸ್ತುವಿನ ಸುತ್ತ ತಿರುಗಿ, ತಿಳಿದಷ್ಟನ್ನೂ ಒಂದೆಡೆ ಕೂಡಿಸಿದರು. ಪಿಕಾಸೊ 1912ರಲ್ಲಿ ರಟ್ಟಿನಲ್ಲಿ ಒಂದು ಗಿಟಾರು ಕಟ್ಟಿದ, ಆಮೇಲೆ ಅದನ್ನೇ ತಗಡಿನಲ್ಲಿ ಮಾಡಿದ. ನಾದ ಹೊರಡುವ ತೂತು ಇರಬೇಕಾದಲ್ಲಿ ಒಂದು ಕೊಳವೆ ಮುಂದಕ್ಕೆ ಚಾಚಿಕೊಂಡಿದೆ. ಖಾಲಿ ಇದ್ದದ್ದೇ ಎದ್ದು ನಿಂತಿದೆ. ವಾದ್ಯದ ಜೀವ ಅದರ ಪೊಳ್ಳಿನಲ್ಲಿದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಳಿದ ಶಿಲ್ಪ ನನಗೆ ಗೊತ್ತಿಲ್ಲ.

ಹುಬ್ಬಳ್ಳಿ-ಧಾರವಾಡದ ನಮಗೆ ಇದು ಅರ್ಥವಾಗದಿದ್ದರೆ ಇನ್ಯಾರಿಗೆ ಆಗಬೇಕು? ಮಲ್ಲಿಕಾರ್ಜುನ ಮನ್ಸೂರರ ಒಂದು ರೆಕಾರ್ಡ್ ಹಚ್ಚಿಕೊಂಡು ಕೂಡು. ರಾಗವನ್ನು ಅವರು ಒಂದೇ ಸಲ ಎದುರಿಗಿಟ್ಟು ಇಷ್ಟೇ ಎನ್ನುವುದಿಲ್ಲ. ಬಂದಿಶಿನ ಅದೇ ಸಾಲನ್ನು ಹಿಡಿದು ಒಂದು ಆವರ್ತನದಲ್ಲಿ ಕೆಳಗಿನಿಂದ ಏರುತ್ತಾರೆ, ಮುಂದಿನದರಲ್ಲಿ ಮೇಲಿನಿಂದ ಇಳಿಯುತ್ತಾರೆ, ಇನ್ನೊಂದರಲ್ಲಿ ನಾವು ನೆನೆಸಿರದ ಮೂಲೆಯಿಂದ ಬರುತ್ತಾರೆ. ಪ್ರತಿ ಸಲವೂ ತಾಳದ ಮೊದಲ ಮಾತ್ರೆಯಾದ ಸಮ್ಮಿಗೆ ಬಂದು ಮುಟ್ಟಿದಾಗ ಸಭೆಯ ತಲೆ ತೂಗುತ್ತದೆ. ರಾಗ ಒಡೆಯಿತು ಎಂದು ಯಾರೂ ದೂರಿದ್ದಿಲ್ಲ. ಕಿವಿಗೆ ಕೊಟ್ಟ ಈ ಸಲಿಗೆಯನ್ನು ಕಣ್ಣಿಗೂ ಕೊಡು. ಬ್ರಾಕ್‌ನ ಮೊಳೆ, ವಯಲಿನ್ನಿನ ಮೈಮೇಲಿನ ಆ ಸುರುಳಿ ತೂತುಗಳು, ಇವು ಅವನ ಸಮ್ಮು. ನಿನ್ನ ಚಿತ್ರದಲ್ಲಿ ಅಂಥ ಒಂದು ಮುಟ್ಟುವ ಜಾಗವಿಲ್ಲ. ಅದಕ್ಕೇ ನೋಡುವವನ ಕಣ್ಣು ಅಲೆದು ದಣಿಯುತ್ತದೆ.

ಬಣ್ಣದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಆ ವರ್ಷಗಳಲ್ಲಿ ಬ್ರಾಕ್, ಪಿಕಾಸೊ ಇಬ್ಬರೂ ಬೂದು, ಕಂದುಗಳಲ್ಲೇ ಹೆಚ್ಚು ದುಡಿದರು. ಕೆಂಪು, ನೀಲಿ ಬಂದರೆ ಕಣ್ಣು ಆಕಾರವನ್ನು ಬಿಟ್ಟು ಅವುಗಳ ಹಿಂದೆ ಓಡುತ್ತದೆ.

ಇನ್ನೊಂದು ಮಾತು, ಇದು ನಿನಗೆಂದೇ. ನಿಮ್ಮಪ್ಪ ಬಾಗಿಲು, ಕಪಾಟುಗಳಿಗೆ ಬಣ್ಣ ಹಚ್ಚುವವರು ಎಂದು ಕಾಲೇಜಿನಲ್ಲಿ ಹೇಳಲು ಹಿಂಜರಿಯುತ್ತೀಯಂತೆ. ಬ್ರಾಕ್‌ನ ಅಪ್ಪನದೂ ಮನೆಗೆ ಬಣ್ಣ ಹೊಡೆಯುವ ಕಸುಬೇ. ಮಗನೂ ಅದನ್ನೇ ಕಲಿತ. ಹಸಿ ಬಣ್ಣದ ಮೇಲೆ ಹಣಿಗೆ ಎಳೆದು ಮರದ ಎಳೆಯ ವಿನ್ಯಾಸ ಮೂಡಿಸುವುದು ಅವನಿಗೆ ಕೈವಶವಾಗಿತ್ತು. ಮುಂದೆ ಅದೇ ಉಪಾಯವನ್ನು ಕ್ಯಾನ್ವಾಸಿಗೆ ತಂದ. 1912ರಲ್ಲಿ ಮರದ ಎಳೆ ಅಚ್ಚಾದ ಗೋಡೆಕಾಗದವನ್ನೇ ಕತ್ತರಿಸಿ ಚಿತ್ರಕ್ಕೆ ಅಂಟಿಸಿದ. ಕೊಲಾಜಿನ ಹೊಸ ದಾರಿ ತೆರೆದುಕೊಂಡಿತು. ಅಪ್ಪನ ಕಸುಬು ಅವನ ಕಲೆಗೆ ಬಂಡವಾಳವಾಯಿತು. ನಿಮ್ಮಪ್ಪನ ಹತ್ತಿರ ಕೂತು ಸಾಗುವಾನಿಯ ಎಳೆ ಮೂಡಿಸುವುದನ್ನು ಕಲಿತುಕೋ, ತಂಬೂರಿಯ ದಂಡಿಗೆ ಬೇಕಾಗುತ್ತದೆ.

ಹಾಂ, ವಯಲಿನ್, ಗಿಟಾರುಗಳನ್ನು ಅವರಿಗೇ ಬಿಡು. ಗಗನೇಂದ್ರನಾಥ ಟಾಗೋರರು 1920ರ ದಶಕದಲ್ಲಿ ಕ್ಯೂಬಿಸಂ ಕೈಗೆತ್ತಿಕೊಂಡಾಗ ತಮ್ಮದೇ ಕನಸಿನ ಮನೆ, ಮೆಟ್ಟಿಲು, ಬಾಗಿಲಿನಿಂದ ಒಳಬರುವ ಬೆಳಕು ಬರೆದರು. ಸಿತಾರರತ್ನ ರಹಿಮತ್ ಖಾನರು ನೆಲೆಸಿದ ಊರು ನಿನ್ನದು. ವಾದ್ಯಗಳಿಗೆ ಇಲ್ಲಿ ಬರವಿಲ್ಲ. ಸಂಗೀತ ಕಲಿಸುವ ಯಾರದಾದರೂ ಮನೆಗೆ ಹೋಗಿ ಕೇಳಿಕೊಂಡು ಒಂದು ತಂಬೂರಿಯನ್ನು ಕೈಗೆ ತೆಗೆದುಕೋ. ಮೊದಲು ಮೀಟು. ತಿರುಗಿಸಿ ಬುರುಡೆಯ ಬೆನ್ನು ನೋಡು, ದಂಡಿ ಸೇರುವಲ್ಲಿನ ಬೆಸುಗೆ ಸವರು, ಕುದುರೆಯ ಹತ್ತಿರ ಕಣ್ಣಿಟ್ಟು ನೂಲನ್ನು ನೋಡು. ಪ್ರತಿಯೊಂದನ್ನೂ ಬೇರೆ ಬೇರೆ ಹಾಳೆಯಲ್ಲಿ ಇದ್ದಿಲಿನಿಂದ ಬರೆ. ಸ್ಕೇಲ್ ಬೇಡ. ಹಾಳೆಗಳನ್ನೆಲ್ಲ ನೆಲದ ಮೇಲೆ ಹರಡಿ, ಯಾವುದರ ಪಕ್ಕ ಯಾವುದು ಕೂಡುತ್ತದೆ ಎಂದು ನೋಡಿದ ಮೇಲೆ ಕ್ಯಾನ್ವಾಸಿಗೆ ಕೈಹಾಕು.